ಕ್ಯಾಸಿನೊ ಸರದಿಯ ದುಡ್ಡು: ಆಲ್ಬರ್ಟಾಕ್ಕೆಲ್ಲ ಒಂದೇ ಹುಂಡಿ ಇರಬೇಕಾ?

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಕ್ಯಾಸಿನೊ ದುಡ್ಡಿಲ್ಲದೆ ಎಷ್ಟೋ ಸೇವಾ ಸಂಘಗಳು ನಡೆಯುವುದೇ ಇಲ್ಲ. ಸಂಘಗಳು ಸರದಿಯಂತೆ 2 ದಿನ ಕ್ಯಾಸಿನೊಗೆ ತಮ್ಮ ಜನರನ್ನು ಕಳಿಸುತ್ತವೆ, ಸಂಬಳವಿಲ್ಲದೆ ಕೆಲಸ ಮಾಡಿಸುತ್ತವೆ, ಅದಕ್ಕೆ ಆದಾಯದಲ್ಲಿ ಪಾಲು ಪಡೆಯುತ್ತವೆ. ಒಂದು ಪ್ರದೇಶದ 3 ತಿಂಗಳ ಪಾಲನ್ನು ಒಟ್ಟು ಸೇರಿಸಿ ಆಗ ದುಡಿದ ಸಂಘಗಳಿಗೆಲ್ಲ ಸಮನಾಗಿ ಹಂಚುತ್ತಾರೆ. ತಕರಾರು ಇರುವುದು ‘ಒಂದು ಪ್ರದೇಶ’ ಅನ್ನುವಲ್ಲೇ. ದೊಡ್ಡ ನಗರಗಳಾದ ಕ್ಯಾಲ್ಗರಿ, ಎಡ್ಮಂಟನ್‌ನಲ್ಲಿ ಸರದಿ 2 ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಕ್ಯಾಮ್ರೋಸ್‌ನಂಥ ಸಣ್ಣ ಊರಿನ ಕ್ಯಾಸಿನೊವನ್ನು ನಂಬಿಕೊಂಡವರು ಅದಕ್ಕಿಂತ ತುಂಬಾ ಜಾಸ್ತಿ ಕಾಯಬೇಕು, ಆಮೇಲೂ ಕೈಗೆ ಸಿಗುವುದು ಕಡಿಮೆ. ಹಾಗಾದರೆ ಪ್ರದೇಶದ ಗೆರೆ ಅಳಿಸಿ, ಇಡೀ ಆಲ್ಬರ್ಟಾದ ದುಡ್ಡನ್ನು ಒಂದೇ ಹುಂಡಿಗೆ ಹಾಕಿ ಸಮನಾಗಿ ಹಂಚಬೇಕಾ?

ಪರ: ಕೆಲಸ ಒಂದೇ ಆದರೆ ಪಾಲೂ ಒಂದೇ

ಕ್ಯಾಮ್ರೋಸ್‌ನಲ್ಲಿ ಇರುವುದೇ 20,000ದ ಆಸುಪಾಸು ಜನ. ಸುತ್ತಲಿನ ಹಳ್ಳಿಗಳ ಸಂಘಗಳೂ ಇದೇ ಕ್ಯಾಸಿನೊಗೆ ಬರುತ್ತವೆ. ನಮ್ಮ ಸಮುದಾಯ ಭವನದ ಸರದಿ ಕಳೆದ ಸಲ ಜನವರಿಯಲ್ಲಿ ಬಂತು. ನಾನು ಚಿಪ್ ರನ್ನರ್. ಟ್ರೇ ತುಂಬಾ ಚಿಪ್, ಅಂದರೆ ದುಡ್ಡಿನ ಬದಲು ಆಡುವ ಬಿಲ್ಲೆ, ಜೋಡಿಸಿಕೊಂಡು ಕ್ಯಾಷಿಯರ್ ಹತ್ತಿರದಿಂದ ಟೇಬಲ್ಲಿಗೆ, ಮತ್ತೆ ವಾಪಸ್ಸು, ರಾತ್ರಿ ಪೂರ್ತಿ ಇದೇ ಓಡಾಟ. ಕೆಲಸ ಮುಗಿಸಿ ಹೊರಗೆ ಬಂದರೆ ಕಾರಿನ ಗಾಜಿನ ಮೇಲೆ ಬೆರಳು ದಪ್ಪ ಹಿಮ. ಅದನ್ನು ಕೆರೆದು ತೆಗೆದು, ಕತ್ತಲ ದಾರಿಯಲ್ಲಿ ಗಾಡಿ ಓಡಿಸಿ ಮನೆ ಸೇರಬೇಕು. ಕ್ಯಾಲ್ಗರಿಯಲ್ಲಿ ಇದೇ ಟ್ರೇ ಹೊತ್ತವರ ಸಂಘಕ್ಕೆ ನಮಗಿಂತ ಎಷ್ಟೋ ಪಾಲು ಜಾಸ್ತಿ ದುಡ್ಡು. ಅವರೇನು ಜಾಸ್ತಿ ಹೊತ್ತು ನಿಂತರಾ?

ಇನ್ನೊಂದು ಮಾತು. ಸೋಮವಾರ ಕ್ಯಾಸಿನೊ ಖಾಲಿ ಹೊಡೆಯುತ್ತದೆ, ಶನಿವಾರ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಸೋಮವಾರದ ಸಂಘಕ್ಕೂ ಶನಿವಾರದ ಸಂಘಕ್ಕೂ ಪಾಲು ಸಮ, ಯಾಕೆಂದರೆ ಯಾವ ದಿನ ಸಿಕ್ಕಿತು ಅನ್ನುವುದು ಸಂಘದ ಕೈಯಲ್ಲಿಲ್ಲ. ಈ ನ್ಯಾಯವನ್ನು ಎಲ್ಲರೂ ಒಪ್ಪಿಕೊಂಡೇ ಇದ್ದೇವೆ. ಹಾಗಾದರೆ ಸಂಘ ಯಾವ ಊರಲ್ಲಿದೆ ಅನ್ನುವುದು ಮಾತ್ರ ಯಾಕೆ ಲೆಕ್ಕಕ್ಕೆ ಬರಬೇಕು? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂದರೆ ಇದೇ ಅಲ್ವಾ?

ಕ್ಯಾಮ್ರೋಸ್ ಕ್ಯಾಸಿನೊವನ್ನೇ ದಕ್ಷಿಣ ಎಡ್ಮಂಟನ್‌ಗೆ ಸಾಗಿಸುವ ಪ್ರಸ್ತಾಪ ಬಂದಾಗ ಹಳ್ಳಿ ಕಡೆಯ ಎಷ್ಟೋ ಸಂಘಗಳು ಬೆಂಬಲ ಕೊಟ್ಟವು. ಪಾಲು ಹೆಚ್ಚುತ್ತದೆ ಅನ್ನುವ ಆಸೆ ಅವರದು. ಪ್ರಾಂತ್ಯದ ಜೂಜು ನಿಯಂತ್ರಣ ಮಂಡಳಿ ಅದಕ್ಕೆ ಒಪ್ಪಲಿಲ್ಲ. ಕಟ್ಟಡ ಸಾಗಿಸುವುದು ಬೇಡ ಅಂದರೆ ಬೇಡ. ದುಡ್ಡನ್ನಾದರೂ ಒಂದು ಕಡೆ ಸೇರಿಸಿ, ಸರದಿಯ ಕಾಯುವಿಕೆಯನ್ನೂ ಎಲ್ಲರಿಗೂ ಒಂದೇ ಮಾಡಿ. ನಮ್ಮ ಭವನದ ಸೂರು ಸೋರುತ್ತಿದೆ, ಮುಂದಿನ ಸರದಿ ಬರುವವರೆಗೆ ಅದು ಕಾಯುವುದಿಲ್ಲ.

ವಿರೋಧ: ಇನ್ನೊಂದು ಸಂಘದ ತಟ್ಟೆಗೆ ಕೈ ಹಾಕಬೇಡಿ

ಸಣ್ಣ ಊರಿನವರ ಕಷ್ಟ ಸುಳ್ಳಲ್ಲ. ಆದರೆ ಅವರು ಕೇಳುತ್ತಿರುವ ಪರಿಹಾರ ತಪ್ಪು.

ನಾನು ಕ್ಯಾಲ್ಗರಿಯಲ್ಲಿ ಹೊಸದಾಗಿ ವಲಸೆ ಬಂದವರಿಗೆ ನೆರವಾಗುವ ಸಣ್ಣ ಸಂಘವೊಂದರಲ್ಲಿ ಇದ್ದೇನೆ. ನಮ್ಮ ಕ್ಯಾಸಿನೊ ರಾತ್ರಿ ನೋಟು ಎಣಿಸುವ ಕೋಣೆಯಲ್ಲಿ ಕೂತವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅದರಲ್ಲಿ ಮೈಸೂರು ಕಡೆಯ ಒಬ್ಬ ಅಮ್ಮ, ಮೊಮ್ಮಗನನ್ನು ಸೊಸೆಗೆ ಒಪ್ಪಿಸಿ ಬಂದವರು, ಇಪ್ಪತ್ತರ ನೋಟುಗಳನ್ನು ಒಂದೇ ಮುಖಕ್ಕೆ ತಿರುಗಿಸಿ ತಟ್ಟಿ ಜೋಡಿಸುತ್ತಾ ಬೆಳಗಿನ ಜಾವದವರೆಗೆ ಕೂತಿದ್ದರು. ಆ ದುಡ್ಡು ಬೇರೆಯದೇ ಬ್ಯಾಂಕ್ ಖಾತೆಗೆ ಹೋಗುತ್ತದೆ, ಒಪ್ಪಿಗೆ ಸಿಕ್ಕ ಕೆಲಸಕ್ಕೆ ಮಾತ್ರ ಖರ್ಚಾಗುತ್ತದೆ. ನಮ್ಮಲ್ಲಿ ಅದರ ದೊಡ್ಡ ಭಾಗವನ್ನು ಬಾಡಿಗೆಯೇ ನುಂಗುತ್ತದೆ. ಇಲ್ಲಿನ ಬಾಡಿಗೆಗೂ ಸಣ್ಣ ಊರಿನ ಬಾಡಿಗೆಗೂ ಹೋಲಿಕೆ ಇಲ್ಲ.

ಸಂಘಕ್ಕೆ ಸಂಘ ಸಮ ಅನ್ನುವುದು ಕೇಳಲು ಚೆಂದ. ಜನರ ಲೆಕ್ಕ ಹಿಡಿದು ನೋಡಿ. ಕೆಲವೇ ನೂರು ಮನೆಗಳ ಹಳ್ಳಿಯ ಭವನಕ್ಕೂ, 13 ಲಕ್ಷಕ್ಕೂ ಹೆಚ್ಚು ಜನರ ಊರಿನಲ್ಲಿ ದಿನವೂ ಬಾಗಿಲಲ್ಲಿ ಸಾಲು ನಿಲ್ಲುವ ಸಂಘಕ್ಕೂ ಒಂದೇ ಮೊತ್ತದ ಚೆಕ್ ಕೊಟ್ಟರೆ ಅದು ಸಮಪಾಲು ಹೇಗಾಗುತ್ತದೆ? ದೊಡ್ಡ ಆಸ್ಪತ್ರೆಗೆ, ಕಾಲೇಜಿಗೆ ಅಂತ ಹಳ್ಳಿಯಿಂದ ಬಂದವರೂ ಕೊನೆಗೆ ನಗರದ ಸಂಘಗಳ ಬಾಗಿಲಿಗೇ ಬರುತ್ತಾರೆ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕ್ಯಾಸಿನೊದ ಸ್ಲಾಟ್ ಯಂತ್ರಗಳ ಆದಾಯದಲ್ಲಿ ಸಂಘಗಳಿಗೆ ಸಿಗುವುದು ಶೇ. 15. ಕ್ಯಾಸಿನೊ ನಡೆಸುವವರಿಗೆ ಶೇ. 15. ಉಳಿದ ಶೇ. 70 ಸರ್ಕಾರದ ಕಡೆಗೆ. ಇಷ್ಟು ದೊಡ್ಡ ಪಾಲು ಕಣ್ಣೆದುರೇ ಇರುವಾಗ ಕ್ಯಾಮ್ರೋಸ್‌ನವರು, ಕ್ಯಾಲ್ಗರಿಯವರು ಸುಮ್ನೆ ನಮ್ಮ ನಮ್ಮಲ್ಲೇ ಯಾಕೆ ಕಿತ್ತಾಡಬೇಕು? ಸಣ್ಣ ಊರಿಗೆ ಕಡಿಮೆ ಬಿದ್ದಷ್ಟನ್ನು ಆ 70ರಿಂದ ತುಂಬಿಸಿಕೊಡಲಿ. ಅದನ್ನು ಕೇಳಲು ಹೊರಟರೆ ನಮ್ಮ ಸಂಘವೂ ಜೊತೆಗೆ ಬರುತ್ತದೆ, ಆ ಅಮ್ಮನೂ ಸಹಿ ಹಾಕುತ್ತಾರೆ.