‘ಬ್ಯಾಂಕ್‌ರಪ್ಟ್’ ಅಂದರೆ ಬ್ಯಾಂಕ್ ಮುಳುಗಿತು ಅಂತಲ್ಲ

ರಾಯಚೂರಿನಲ್ಲಿ ಮೊಬೈಲಿಂದ ಮೊಬೈಲಿಗೆ ಒಂದು ಮೆಸೇಜ್ ಓಡಾಡುತ್ತಿದೆ. ‘ಗಂಜಿನ (ಮಾರುಕಟ್ಟೆಯ) ಹತ್ತಿ ವ್ಯಾಪಾರಿಯೊಬ್ಬರು ಬ್ಯಾಂಕ್‌ರಪ್ಟ್ ಆಗಿದ್ದಾರೆ. ಅಂದರೆ ಅವರ ಬ್ಯಾಂಕ್ ಮುಳುಗಿದೆ, ಖಾತೆಯಿಂದ ದುಡ್ಡು ತೆಗೆಯಿರಿ. ಐಪಿ ಹಾಕಿದ್ದರಿಂದ ಅವರ ಸಾಲವೆಲ್ಲ ಮನ್ನಾ.’ ಎರಡೂ ತಪ್ಪು.

ಬ್ಯಾಂಕ್‌ರಪ್ಟ್ ಆದದ್ದು ಸಾಲ ತೀರಿಸಲಾಗದ ವ್ಯಾಪಾರಿ, ಅವರ ಖಾತೆ ಇರುವ ಬ್ಯಾಂಕ್ ಅಲ್ಲ. ಮಾತಿನ ಮೂಲ ಇಟಲಿಯ ‘ಬಾಂಕಾ ರೊತ್ತಾ’, ಅಂದರೆ ಮುರಿದ ಬೆಂಚು. ಅಲ್ಲಿ ಹಣ ಬದಲಿಸುವವರು ಬೆಂಚಿನ ಮೇಲೆ ನಾಣ್ಯ ಇಟ್ಟುಕೊಂಡು ವ್ಯವಹಾರ ಮಾಡುತ್ತಿದ್ದರು. ಬ್ಯಾಂಕ್ ಅನ್ನುವ ಮಾತೂ ಅದೇ ಬೆಂಚಿನಿಂದ ಬಂದದ್ದು. ಗೊಂದಲ ಸಹಜ ಬಿಡಿ. ನಾವು ‘ದಿವಾಳಿ ಆದ’, ‘ಪಾಪರ್ ಆದ’ ಅಂತೀವಲ್ವಾ, ಅದೇ ಇದು. ಪಾಪರ್ ಕೂಡ ಇಂಗ್ಲಿಷಿನದೇ, ಕಡುಬಡವ ಅಂತ ಅರ್ಥ.

ಇನ್ನು ಐಪಿ. ಅದು ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅಂತ ಘೋಷಿಸಿ ಎಂದು ಕೋರ್ಟಿಗೆ ಹಾಕುವ ಬರೀ ಅರ್ಜಿ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ 500 ರೂಪಾಯಿ ಸಾಲ ಇದ್ದರೂ ಹಾಕಬಹುದು. ಆ ಕಾಲದ ಲೆಕ್ಕ ನೋಡಿ! ಕೋರ್ಟ್ ದಿವಾಳಿ ಅಂತ ಘೋಷಿಸಿದರೆ ಆಸ್ತಿ ಕೋರ್ಟಿನ ಇಲ್ಲವೇ ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅದನ್ನು ಮಾರಿ ಬಂದದ್ದನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ. ಸಾಲದಿಂದ ಬಿಡುಗಡೆ ಬೇಕಾದರೆ ಮತ್ತೆ ಬೇರೆ ಆದೇಶ ಬೇಕು. ಆಗಲೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ತಪ್ಪೋದಿಲ್ಲ.

ಹಾಗಾಗಿ ಹತ್ತಿ ಹಾಕಿ ದುಡ್ಡು ಬರಬೇಕಾದ ರೈತರು ಸುಮ್ನೆ ‘ಹೋಯ್ತು’ ಅಂತ ಕೂರಬೇಡಿ. ತೂಕದ ಚೀಟಿ, ಮಾರಾಟದ ಪಟ್ಟಿ ಎತ್ತಿಟ್ಟುಕೊಳ್ಳಿ. ಕೋರ್ಟಿನಲ್ಲಿ ನಿಮ್ಮ ಬಾಕಿ ತೋರಿಸಲು ಅವೇ ಬೇಕು.