33 ಅಂದ್ರೆ 13
ನಮ್ಮ ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಪಾಯ ತೋಡುವಾಗ ಸಹಿಸಿಕೊಂಡೆ. ಮೋಲ್ಡ್ ಹಾಕಿದ ದಿನ ಅವರು ಕೊಟ್ಟ ಮೈಸೂರು ಪಾಕನ್ನೂ ತಿಂದೆ. ಗ್ರಾನೈಟ್ ಕಟಿಂಗ್ ಶುರುವಾದ ಮೇಲೆ ಮಾತ್ರ ಆ ಸಿಹಿಯ ಋಣ ತೀರಿತು. ಫೋನಿನಲ್ಲಿ ಸದ್ದು ಅಳೆಯುವ ಆಪ್ ಹಾಕಿಕೊಂಡು ಕಿಟಕಿ ಹತ್ತಿರ ಹಿಡಿದೆ. 92 ಡೆಸಿಬೆಲ್!

ಕಿವಿಗೆ ಹಾಕುವ ಫೋಮ್ ಪ್ಲಗ್ ತರಿಸಿದೆ. ಪ್ಯಾಕೆಟ್ ಮೇಲೆ ‘ಎನ್‌ಆರ್‌ಆರ್ 33’ ಅಂತಿತ್ತು. ಎನ್‌ಆರ್‌ಆರ್ ಅಂದರೆ ಎಷ್ಟು ಡೆಸಿಬೆಲ್ ಸದ್ದು ತಗ್ಗಿಸುತ್ತದೆ ಅನ್ನುವ ಅಂಕಿ. 92ರಲ್ಲಿ 33 ಕಳೆದರೆ 59, ಅಂದರೆ ಮನೆಮಂದಿ ಮಾತಾಡುವಷ್ಟು ಸದ್ದು. ಸಾಕಪ್ಪಾ ಅಂದುಕೊಂಡು ತುರುಕಿಕೊಂಡೆ. ಕಟರ್ ಎರಡು ಮನೆ ಆಚೆ ಹೋದ ಹಾಗಾಯಿತು, ಅಷ್ಟೇ.

ಭಾನುವಾರ ಭಾವಮೈದುನ ಬಂದ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೇಫ್ಟಿ ನೋಡಿಕೊಳ್ಳುವವನು.

“ಭಾವ, 33 ಅನ್ನೋದು ಸಂಬಳದ ಸಿಟಿಸಿ ಇದ್ದ ಹಾಗೆ. ಕೈಗೆ ಬರೋದು ಬೇರೆ” ಎಂದು ಹಾಲಿನ ಬಿಲ್ಲಿನ ಹಿಂದೆ ಲೆಕ್ಕ ಶುರು ಮಾಡಿದ. ಮೊದಲು 7 ಕಳೀಬೇಕಂತೆ. ಲೇಬಲ್ಲಿನ ಅಂಕಿ ‘ಸಿ’ ಅನ್ನುವ ಅಳತೆಗೆ ಹೊಂದುವಂಥದ್ದು, ಮೀಟರಿನವರು ಸಾಮಾನ್ಯವಾಗಿ ಅಳೆಯುವುದು ‘ಎ’ಯಲ್ಲಿ. ಉಳಿದ 26ರಲ್ಲಿ ಅರ್ಧ ಹೊಡೆದು ಹಾಕಿದ. ಲ್ಯಾಬಿನಲ್ಲಿ ನೀಟಾಗಿ ಹಾಕಿ ಪರೀಕ್ಷೆ ಮಾಡಿರ್ತಾರೆ, ನಮ್ಮ ಹಾಗೆ ಹತ್ತಿ ತುರುಕಿದಂತೆ ತುರುಕಿರಲ್ಲ. ಅದಕ್ಕೇ ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾದವರು ಅರ್ಧ ಮಾತ್ರ ನಂಬಿ ಅಂತಾರಂತೆ. ಪಿಎಫ್, ಟ್ಯಾಕ್ಸ್ ಎಲ್ಲಾ ಹೋಗಿ ನನ್ನ ಕಿವಿಗೆ ಸಿಕ್ಕಿದ್ದು 13!

“ಹದಿಮೂರೂ ಕಮ್ಮಿ ಅಲ್ಲ ಭಾವ. ಸದ್ದಿನ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ” ಎಂದು ಸಮಾಧಾನ ಮಾಡಿ, ಹಾಕುವ ಕ್ರಮವನ್ನೂ ತೋರಿಸಿದ. ಫೋಮನ್ನು ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಬೇಕು. ಎಡಗೈಯನ್ನು ತಲೆ ಮೇಲಿಂದ ತಂದು ಬಲಕಿವಿಯನ್ನು ಮೇಲಕ್ಕೆಳೆದು, ಒಳಗೆ ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅದೇ ಹೊತ್ತಿಗೆ ಒಳಗೆ ಬಂದ ಹೆಂಡತಿ, “ಗಣಪತಿಗೆ ಬಸ್ಕಿ ಹೊಡೀತಿದ್ದೀರಾ? ಏನು ತಪ್ಪು ಮಾಡಿದ್ರಿ?” ಅಂದಳು.

ತಪ್ಪು ಮಾಡಿದ್ದು ಆಮೇಲೆ. ಪ್ಲಗ್ ಮೇಲೆ ಹಾಕಲು ಹೆಡ್‌ಫೋನಿನ ಹಾಗೆ ಕಿವಿ ಮುಚ್ಚುವ, ಎನ್‌ಆರ್‌ಆರ್ 27ರ ಇಯರ್‌ಮಫ್ ಕೊಂಡೆ. 33ಕ್ಕೆ 27 ಕೂಡಿದರೆ 60! ಫೋನ್ ಮಾಡಿ ಹೇಳಿದರೆ ಭಾವಮೈದುನ, “ಕೂಡೋ ಹಾಗಿಲ್ಲ ಭಾವ. ದೊಡ್ಡದಕ್ಕೆ 5 ಸೇರಿಸ್ಕೊಳ್ಳಿ, ಅಷ್ಟೇ” ಎಂದ. ಸಾವಿರದಿನ್ನೂರು ರೂಪಾಯಿಗೆ ಐದು ಡೆಸಿಬೆಲ್. ಕಿವಿ ಎಷ್ಟು ಮುಚ್ಚಿದರೂ ತಲೆಬುರುಡೆಯ ಮೂಳೆಯಿಂದ ಸದ್ದು ಒಳಗೆ ಬರುತ್ತದಂತೆ. ಎರಡನ್ನೂ ಹಾಕಿಕೊಂಡು ಕೋಡುಬಳೆ ಕಡಿದ ಮೇಲೆ ಇದನ್ನು ನಂಬಿದೆ. ಗ್ರಾನೈಟ್ ಕಟಿಂಗ್ ನನ್ನ ಬಾಯೊಳಗೇ ನಡೆಯುತ್ತಿತ್ತು.

ಹೆಂಡತಿ ಅಂಗಡಿಗೆ ಹೊರಟಳು. “ರೀ, ಕುಕ್ಕರ್ ಮೂರು ಸಲ ಕೂಗಿದ್ಮೇಲೆ ಆಫ್ ಮಾಡಿ.” ಕಿವಿ ತೆರೆದು ಕೇಳಿಸಿಕೊಂಡೆ, ತಲೆಯಾಡಿಸಿದೆ, ಮತ್ತೆ ಮುಚ್ಚಿಕೊಂಡೆ.

ಈ ಪ್ಲಗ್‌ಗಳು ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತವೆ, ದಪ್ಪ ಸದ್ದು ಅಷ್ಟಿಷ್ಟು ನುಸುಳುತ್ತದೆ. ಹಾಗಾಗಿ ಪಕ್ಕದವರ ಜನರೇಟರಿನ ಗುಡುಗುಡು ನನಗೆ ಕೇಳಿಸುತ್ತಲೇ ಇತ್ತು. ಕುಕ್ಕರ್ ಮಾತ್ರ ಒಂದು ಸಲವೂ ಕೂಗಲಿಲ್ಲ. ಗ್ಯಾಸ್ ಮುಗಿದಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಬೇಳೆ ಸೀದ ವಾಸನೆ ಬಂತು. ಮೂಗಿಗೆ ಎನ್‌ಆರ್‌ಆರ್ ಇಲ್ಲವಲ್ಲ.

ಹೆಂಡತಿ ಬಂದು ಏನೂ ಅನ್ನಲಿಲ್ಲ. ಕರಿಹಿಡಿದ ಕುಕ್ಕರನ್ನು ನನ್ನ ಮುಂದಿಟ್ಟು, ಸ್ಟೀಲ್ ನಾರು ಕೈಗೆ ಕೊಟ್ಟು, ಮಫ್‌ನ ಒಂದು ಬದಿ ಎತ್ತಿ ಹೇಳಿದಳು: “ಉಜ್ಜುವಾಗ ಎರಡೂ ಹಾಕ್ಕೊಳ್ಳಿ. ಸದ್ದು ಜಾಸ್ತಿ ಇರುತ್ತೆ.”