ಬೆನ್ನೊಳಗಿನ ರಾಡು: ಮೂಳೆ ಕೂಡಿದ ಮೇಲೆ ತೆಗೆಸಬೇಕೆ?

ಪರ: ತಾರಸಿ ಗಟ್ಟಿಯಾಯಿತು, ಸೆಂಟ್ರಿಂಗ್ ಬಿಚ್ಚಿ

ಮನೆ ಕಟ್ಟಿಸಿದವರಿಗೆ ಗೊತ್ತು. ತಾರಸಿ ಗಟ್ಟಿಯಾಗುವ ತನಕ ಕೆಳಗೆ ಸೆಂಟ್ರಿಂಗ್ ಹಲಗೆ ಇರುತ್ತದೆ, ಆಮೇಲೆ ಬಿಚ್ಚುತ್ತಾರೆ. ಬೆನ್ನಿಗೆ ಫ್ಯೂಷನ್, ಅಂದರೆ ಬೆನ್ನುಮೂಳೆಗಳನ್ನು ಒಂದಕ್ಕೊಂದು ಬೆಸೆಯುವ ಆಪರೇಷನ್, ಮಾಡುವಾಗ ಹಾಕುವ ಸ್ಕ್ರೂ, ರಾಡುಗಳ ಕೆಲಸವೂ ಅಷ್ಟೇ. ಸೊಂಟದ ಮಟ್ಟದ ಎಲ್-4 ಮತ್ತು ಎಲ್-5 ಎಂಬ ಬೆನ್ನುಮೂಳೆಗಳನ್ನು ಒಂದಾಗಿಸುವುದು ಲೋಹವಲ್ಲ, ನಡುವೆ ತುಂಬಿದ ಮೂಳೆಯ ಚೂರು. ಎಷ್ಟೋ ಸಲ ಅದನ್ನು ರೋಗಿಯ ಸೊಂಟದ ಮೂಳೆಯಿಂದಲೇ ಕೆತ್ತಿ ತೆಗೆದಿರುತ್ತಾರೆ. ಅದು ಬೆಳೆದು ಕೂಡಿಕೊಳ್ಳಲು ಆರು ತಿಂಗಳೋ ವರ್ಷವೋ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಅಲುಗಾಡದಂತೆ ಹಿಡಿದಿಡುವುದು ಲೋಹದ ಪಾಲು. 1911ರಲ್ಲಿ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಬೇರೆಬೇರೆಯಾಗಿ ಮೊದಲ ಫ್ಯೂಷನ್‌ಗಳನ್ನು ಪ್ರಕಟಿಸಿದಾಗ ಬೆನ್ನೊಳಗೆ ಒಂದೇ ಒಂದು ಸ್ಕ್ರೂ ಇರಲಿಲ್ಲ. ಆಲ್ಬೀ ಕೂರಿಸಿದ್ದು ರೋಗಿಯ ಮೊಣಕಾಲಿನ ಕೆಳಗಿನ ಮೂಳೆಯ ಪಟ್ಟಿಯನ್ನು.

ನಾನು ತೆಗೆಸಿಕೊಂಡವನು. ಮೈಯಲ್ಲಿ ಮಾಂಸ ಕಡಿಮೆ, ಹಾಗಾಗಿ ಸ್ಕ್ರೂವಿನ ತಲೆ ಚರ್ಮದಡಿ ಕೈಗೇ ಸಿಗುತ್ತಿತ್ತು. ಮರದ ಕುರ್ಚಿಗೆ ಒರಗಿದರೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಗುಂಡಿ ಹಾರಿದರೆ ಅದೇ ಜಾಗ, ಅದೇ ಚುಚ್ಚು. ಎರಡು ವರ್ಷ ಕೇಳಿದ ಮಾತು ಒಂದೇ: "ಎಕ್ಸ್‌ರೇ ಚೆನ್ನಾಗಿದೆಯಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ." ಎಕ್ಸ್‌ರೇ ಚೆನ್ನಾಗಿದ್ದರೆ ಕುರ್ಚಿಗೆ ಒರಗುವವರು ಯಾರು, ಎಕ್ಸ್‌ರೇಯೋ ನಾನೋ?

ನೋವು ಲೋಹದ್ದೇ ಎಂದು ಪರೀಕ್ಷಿಸುವ ದಾರಿಯೂ ಇದೆ. ಸ್ಕ್ರೂಗಳ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಆ ಕೆಲವು ಗಂಟೆ ನೋವು ಮಾಯವಾದರೆ ಗುಮಾನಿ ಬಲವಾಗುತ್ತದೆ. ನನಗೆ ಮಾಯವಾಗಿತ್ತು. ಸ್ಕ್ಯಾನ್‌ನಲ್ಲಿ ಸ್ಕ್ರೂ ಸುತ್ತ ಕಪ್ಪು ವರ್ತುಲ ಕಂಡರೆ ಅದು ಸಡಿಲವಾಗಿದೆ ಎಂಬುದರ ಸುಳಿವು. ಹಾಗೆ ಅಲ್ಲಾಡುತ್ತಿರುವುದನ್ನು ಒಳಗೆ ಇಟ್ಟುಕೊಂಡು ಯಾವ ಪುರುಷಾರ್ಥ?

ಬಿದ್ದು ಬೆನ್ನುಮೂಳೆ ಮುರಿದು, ಫ್ಯೂಷನ್ ಮಾಡದೆ ಬರೀ ಸ್ಕ್ರೂ-ರಾಡು ಹಾಕಿಸಿಕೊಂಡವರ ವಿಷಯದಲ್ಲಂತೂ ವಾದ ಇನ್ನೂ ಗಟ್ಟಿ. ಅವರ ಕೀಲುಗಳು ಬೆಸೆದಿಲ್ಲ, ಜೀವಂತ ಇವೆ. ಮುರಿದದ್ದು ಕೂಡಿದ ಮೇಲೂ ರಾಡು ಬಿಟ್ಟರೆ ಬಾಗಬೇಕಾದ ಕೀಲು ಬಾಗುವುದಿಲ್ಲ. ಬಾಗಲು ನೋಡಿದರೆ ಸ್ಕ್ರೂ ಸಡಿಲಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅದಕ್ಕೇ ಇಂಥವರಲ್ಲಿ, ವಯಸ್ಸು ಚಿಕ್ಕದಾದರೆ, ವರ್ಷದ ಹೊತ್ತಿಗೆ ತೆಗೆಯುವ ವೈದ್ಯರಿದ್ದಾರೆ.

ಸೋಂಕಿನದು ಬೇರೆಯೇ ಕಥೆ. ಚರ್ಮದ ಮೇಲಿನ ಸಾಧು ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡು, ಲೋಳೆಯ ಪದರ ಹೊದ್ದುಕೊಂಡು, ವರ್ಷಗಳ ನಂತರ ಎದ್ದೇಳಬಹುದು. ಆ ಪದರದೊಳಗೆ ಆಂಟಿಬಯೋಟಿಕ್ ಸರಿಯಾಗಿ ನಾಟುವುದಿಲ್ಲ. ಮೂಳೆ ಕೂಡಿದೆ ಎಂದಾದರೆ ಲೋಹ ಹೊರಗೆ ಬರುವುದೇ ಮದ್ದು.

ಈಗ ಕುರ್ಚಿಗೆ ಒರಗುತ್ತೇನೆ. ಬೆನ್ನು ಇಪ್ಪತ್ತರ ಹರೆಯದ್ದಾಗಿಲ್ಲ, ಬೆಳಿಗ್ಗೆ ಎದ್ದಾಗ ಬಿಗಿತ ಇದೆ. ಆದರೆ ಆ ಚುಚ್ಚು ಇಲ್ಲ.

ವಿರೋಧ: ಅದು ಸೆಂಟ್ರಿಂಗ್ ಅಲ್ಲ, ಒಳಗಿನ ಕಂಬಿ

ಉಪಮೆಯೇ ತಪ್ಪಿತು. ಸೆಂಟ್ರಿಂಗ್ ಇರುವುದು ತಾರಸಿಯ ಹೊರಗೆ. ಬೆನ್ನಿನ ಸ್ಕ್ರೂ ಆರ್‌ಸಿಸಿಯೊಳಗಿನ ಕಂಬಿಯ ಹಾಗೆ, ಸುತ್ತ ಮೂಳೆ ಬೆಳೆದು ಕಚ್ಚಿಕೊಂಡಿರುತ್ತದೆ. ಟೈಟಾನಿಯಂ ಬಳಸುವುದಕ್ಕೆ ಒಂದು ಕಾರಣವೂ ಅದೇ, ಮೂಳೆ ಅದನ್ನು ಪರಕೀಯವೆಂದು ದೂರ ಇಡುವುದಿಲ್ಲ. ಕಂಬಿ ಎಳೆದು ತೆಗೆಯಲು ಮನೆ ಒಡೆಯಬೇಕು.

ಕೀವಾದರೆ, ಸ್ಕ್ರೂ ನರಕ್ಕೆ ತಾಗಿದರೆ, ಮುರಿದು ಸರಿದರೆ ತೆಗೆಯಲೇಬೇಕು. ಫ್ಯೂಷನ್ ಇಲ್ಲದ ಮುರಿತದ ಮಾತನ್ನೂ ಒಪ್ಪುತ್ತೇನೆ. ಅಲ್ಲಿ ಜಗಳವಿಲ್ಲ. ಜಗಳ ಇರುವುದು ಮೂಳೆ ಕೂಡಿದೆ, ಲೋಹ ನೆಟ್ಟಗಿದೆ, ಆದರೂ ಬೆನ್ನು ನೋಯುತ್ತಿದೆ ಎನ್ನುವವರ ವಿಷಯದಲ್ಲಿ. ಇವರ ಸಂಖ್ಯೆಯೇ ದೊಡ್ಡದು. ಜೊತೆಗೆ "ಇನ್ನೂ ತೆಗೆಸಿಲ್ವಾ?" ಎಂದು ಮದುವೆ ಮನೆಯಲ್ಲಿ ಕೇಳುವ ನೆಂಟರು. ಕಾಲಿನ ರಾಡು ತೆಗೆಸಿದ ಕಥೆ ಎಲ್ಲರ ಮನೆಯಲ್ಲೂ ಒಂದಿದೆ, ಅದನ್ನೇ ಬೆನ್ನಿಗೂ ಅನ್ವಯಿಸುತ್ತಾರೆ. ಚಳಿಗೆ ಕಬ್ಬಿಣ ತಣ್ಣಗಾಗಿ ನೋಯುತ್ತದಂತೆ! ಮೈಯೊಳಗೆ ಅಷ್ಟು ಆಳದಲ್ಲಿರುವ ಲೋಹ ಮೈಯಷ್ಟೇ ಬೆಚ್ಚಗಿರುತ್ತದೆ.

ನೋವಿನ ಮೂಲ ಹುಡುಕುವುದು ಸುಲಭವಲ್ಲ. ಎರಡು ಮೂಳೆ ಬೆಸೆದಾಗ ಅವುಗಳ ಪಾಲಿನ ಬಾಗುವಿಕೆ ಮೇಲಿನ, ಕೆಳಗಿನ ಕೀಲುಗಳ ಮೇಲೆ ಬೀಳುತ್ತದೆ. ವರ್ಷಗಳಲ್ಲಿ ಅವು ಸವೆದು ನೋಯಬಹುದು. ಸೊಂಟದ ಹಿಂದಿನ ಕೀಲಿನಿಂದ ಬರಬಹುದು. ಹಳೆಯ ನರದ ನೋವೂ ಇರಬಹುದು. ಇಂಜೆಕ್ಷನ್ ಪರೀಕ್ಷೆ ಸ್ಕ್ರೂವನ್ನಷ್ಟೇ ಅಲ್ಲ, ಅದರ ಸುತ್ತಲಿನ ಸ್ನಾಯುವನ್ನೂ ಮರಗಟ್ಟಿಸುತ್ತದೆ. ಸ್ಕ್ರೂ ತೆಗೆದ ಮೇಲೆ ಅದೇ ನೋವು ಅಲ್ಲೇ ಕೂತಿದ್ದರೆ ಅದನ್ನು ವಾಪಸ್ ಹಾಕಿಸುತ್ತೀರಾ? ಕುರ್ಚಿಗೆ ಒರಗಿದ ಗೆಳೆಯರ ಬಗ್ಗೆ ನನಗೆ ಸಂತೋಷವಿದೆ, ಆದರೆ ಅವರ ಸ್ಕ್ರೂವಿನ ತಲೆ ಕೈಗೆ ಸಿಗುತ್ತಿತ್ತು. ಹೆಚ್ಚಿನವರದು ಸಿಗುವುದಿಲ್ಲ.

ಇನ್ನು "ಮೂಳೆ ಕೂಡಿದೆ" ಎನ್ನುವ ಮಾತು. ಸಿ.ಟಿ. ಸ್ಕ್ಯಾನ್ ಒಳ್ಳೆಯ ಸಾಕ್ಷಿಯೇ, ಪೂರ್ಣ ಸಾಕ್ಷಿಯಲ್ಲ. ಲೋಹದ ನೆರಳು ಮೂಳೆಯ ಮೇಲೆ ಬಿದ್ದು ಚಿತ್ರ ಕೆಡುತ್ತದೆ. ರಾಡು ಬಿಚ್ಚಿ ಕೈಯಲ್ಲಿ ಅಲುಗಿಸಿ ನೋಡಿದಾಗಲೇ ಕೂಡಿಲ್ಲವೆಂದು ಗೊತ್ತಾಗುವ ಪ್ರಸಂಗಗಳಿವೆ. ಆಗ ಹೊಸ ಸ್ಕ್ರೂ, ಹೊಸ ಮೂಳೆ, ಮತ್ತೆ ಮೊದಲಿನಿಂದ.

ಬೆನ್ನು ಸೊಟ್ಟಗಾದ ಮಕ್ಕಳಿಗೆ ಉದ್ದ ರಾಡು ಹಾಕಿರುತ್ತಾರಲ್ಲ, ಅಲ್ಲಿ ನನ್ನ ಹೆದರಿಕೆ ಹೆಚ್ಚು. ಪೋಲಿಯೊದಿಂದ ಬೆನ್ನು ಬಾಗಿದ ಮಕ್ಕಳಿಗೆಂದು ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ರೂಪಿಸಿ 1962ರಲ್ಲಿ ಪ್ರಕಟಿಸಿದ ರಾಡಿನಿಂದ ಈ ಪರಂಪರೆ ಬೆಳೆಯಿತು. ಮೂಳೆ ಕೂಡಿದೆ ಎಂದುಕೊಂಡು ಇಡೀ ರಾಡು ತೆಗೆದವರಲ್ಲಿ ಸೊಟ್ಟ ನಿಧಾನವಾಗಿ ಮರಳಿದ್ದನ್ನು ವೈದ್ಯರು ಕಂಡಿದ್ದಾರೆ. ಕೂಡಿದ ಮೂಳೆಯೂ ಭಾರಕ್ಕೆ ಬಾಗುತ್ತದೆ.

ಮತ್ತೆ ಕತ್ತರಿಸುವುದು ಏನನ್ನು? ಬೆನ್ನುಮೂಳೆಗೆ ಅಂಟಿದ, ಬೆನ್ನನ್ನು ನೆಟ್ಟಗೆ ಹಿಡಿಯುವ ಸಣ್ಣ ಸ್ನಾಯುಗಳನ್ನು. ಮೊದಲ ಆಪರೇಷನ್‌ನಲ್ಲಿ ಅವು ಒಮ್ಮೆ ಸುಲಿಸಿಕೊಂಡು ಗಾಯಗಟ್ಟಿವೆ. ಅರಿವಳಿಕೆ, ರಕ್ತ, ಸಕ್ಕರೆ ಕಾಯಿಲೆ ಇದ್ದವರಿಗೆ ಹೊಲಿಗೆ ಮಾಯುವ ಚಿಂತೆ ಎಲ್ಲವೂ ಎರಡನೇ ಸಲ. ಒಂದು ಚಿಲ್ಲರೆ ವಿಷಯ, ಚಿಲ್ಲರೆಯಲ್ಲ: ಎಲ್ಲ ಕಂಪನಿಗಳ ಸ್ಕ್ರೂ ತಲೆ ಒಂದೇ ಥರ ಇರುವುದಿಲ್ಲ, ಹೊಂದುವ ಸ್ಕ್ರೂಡ್ರೈವರ್ ಬೇಕು. ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿದ, ಯಾವ ಸ್ಕ್ರೂ-ರಾಡು ಎಂದು ತಿಳಿಸುವ ಇಂಪ್ಲಾಂಟ್ ಸ್ಟಿಕ್ಕರ್ ಕಳೆದುಕೊಂಡು ಬಂದರೆ ಮೊದಲು ನಡೆಯುವುದು ಪತ್ತೇದಾರಿ ಕೆಲಸ.

ನನ್ನ ಬೆನ್ನಲ್ಲಿ ನಾಲ್ಕು ಸ್ಕ್ರೂ, ಎರಡು ರಾಡು ಇವೆ. ಎಂಆರ್‌ಐ ಮಾಡಿಸಿದ್ದೇನೆ, ಆ ಜಾಗದಲ್ಲಿ ಚಿತ್ರ ಮಸುಕು, ಅಪಾಯವೇನೂ ಆಗಲಿಲ್ಲ. ಅಮ್ಮನ ಚಿಂತೆ ಬೇರೆ: "ಕಬ್ಬಿಣ ಇಟ್ಕೊಂಡೇ ಹೋಗ್ತೀಯೇನೋ?" ಹೌದಮ್ಮ. ಟೈಟಾನಿಯಂ ಕರಗಲು 1,600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು, ಚಿತೆ ಅಷ್ಟು ಕಾಯುವುದಿಲ್ಲ. ಬೂದಿಯಲ್ಲಿ ಅಸ್ಥಿ ಆರಿಸುವವರ ಕೈಗೆ ಆರೂ ಸಿಗುತ್ತವೆ. ಸಿಗಲಿ.